ವಿಷಯ: ನಿಮ್ಮ ವಿಡಿಯೋ ಟೈಮ್ ಸ್ಟಡಿ ಸಾಫ್ಟ್‌ವೇರ್ ಒಂದು ನಿಮಿಷಾನ 48 ಸೆಕೆಂಡ್ ಅಂತ ಲೆಕ್ಕ ಹಾಕ್ತಾ ಇರೋದರ ಬಗ್ಗೆ ದೂರು

ಕಸ್ಟಮರ್ ಸಪೋರ್ಟ್ ಮುಖ್ಯಸ್ಥರಿಗೆ,

ನಮಸ್ಕಾರ. ನಾನು ಕುಮಟಾದ ಒಂದು ಗೇರುಬೀಜ ಫ್ಯಾಕ್ಟರಿಲಿ ಪ್ರೊಡಕ್ಷನ್ ನೋಡ್ಕೊಳ್ಳೋನು. ಒಂದೊಂದು ಕೆಲಸಕ್ಕೆ ಎಷ್ಟು ಸಮಯ ಬೇಕು ಅಂತ ವಿಡಿಯೋ ನೋಡಿ ಅಳೆಯೋಕೆ, ಅಂದ್ರೆ ಟೈಮ್ ಸ್ಟಡಿಗೆ, ನಾವು ನಿಮ್ಮ ಸಾಫ್ಟ್‌ವೇರ್ ಉಪಯೋಗಿಸ್ತೇವೆ. ನಿಮಗೆ ಟಿಕೆಟ್ ಹಾಕಿ ಹಾಕಿ ಸಾಕಾಯ್ತು, ಪ್ರತಿ ಸಲ ಬೇರೆ ಬೇರೆಯವರು ಉತ್ತರ ಕೊಡ್ತಾರೆ, ಎಲ್ಲರದ್ದೂ ಅದೇ ಕಾಪಿ ಪೇಸ್ಟ್, ಕೊನೆಗೆ ರಿಸಾಲ್ವ್ಡ್ ಅಂತ ಹಾಕಿ ಕ್ಲೋಸ್ ಮಾಡಿಬಿಡ್ತಾರೆ. ಎಂತದೂ ರಿಸಾಲ್ವ್ ಆಗಿಲ್ಲ. ಅದಕ್ಕೇ ಈ ಪತ್ರ ನೇರ ನಿಮಗೇ ಬರೀತಾ ಇದ್ದೇನೆ, ದಯವಿಟ್ಟು ಪೂರ್ತಿ ಓದಿ, ಓದಿದ ಮೇಲೆ ಸಾಫ್ಟ್‌ವೇರ್ ಬರೆದ ಡೆವಲಪರ್ ಯಾರಿದ್ದಾರೋ ಅವರ ಕೈಗೆ ಕೊಡಿ.

ಸಮಸ್ಯೆ ಇಷ್ಟೇ. ನಿಮ್ಮ ಸಾಫ್ಟ್‌ವೇರ್ ಸಮಯ ಅಳೀತಾ ಇಲ್ಲ, ಬರೀ ಫ್ರೇಮ್, ಅಂದ್ರೆ ವಿಡಿಯೋದ ಒಂದೊಂದು ಚಿತ್ರ, ಎಣಿಸ್ತಾ ಇದೆ. ಎಣಿಸಿ 30ರಿಂದ ಭಾಗಿಸಿ ಇಷ್ಟು ಸೆಕೆಂಡ್ ಅಂತ ತೋರಿಸ್ತದೆ. ಆದ್ರೆ ಮೊಬೈಲಲ್ಲಿ ತೆಗೆದ ವಿಡಿಯೋ ಯಾವಾಗ್ಲೂ ಸೆಕೆಂಡಿಗೆ 30 ಫ್ರೇಮ್ ಇರೋದಿಲ್ಲ, ಬೆಳಕು ಕಮ್ಮಿ ಆದ್ರೆ ಫೋನು ತಾನೇ 24ಕ್ಕೆ ಇಳಿಸ್ತದೆ, ಕೆಲವು ಫೋನಲ್ಲಿ ಇನ್ನೂ ಕೆಳಗೆ ಹೋಗ್ತದೆ, ಇದಕ್ಕೆ ವೇರಿಯೇಬಲ್ ಫ್ರೇಮ್ ರೇಟ್ ಅಂತಾರೆ, ನಿಮಗೆ ನಾನು ಹೇಳಿ ಕೊಡಬೇಕಾದ ವಿಷಯ ಅಲ್ಲ ಇದು. ಪ್ರತಿ ಫ್ರೇಮಿಗೂ ಅದು ಯಾವ ಕ್ಷಣದ್ದು ಅಂತ ಟೈಮ್‌ಸ್ಟ್ಯಾಂಪ್ ಫೈಲಲ್ಲೇ ಬರೆದಿರ್ತದೆ, ಮೊಬೈಲಲ್ಲಿರೋ ಸಾದಾ ಪ್ಲೇಯರ್ ಕೂಡ ಅದನ್ನ ನೋಡ್ಕೊಂಡೇ ಸರಿಯಾಗಿ ಓಡಿಸ್ತದೆ. ನಿಮ್ಮದು ಅದನ್ನ ಓದೋದೇ ಇಲ್ಲ. 24 ಫ್ರೇಮ್ ಅಂದ್ರೆ ನಿಜವಾಗಿ ಒಂದು ಸೆಕೆಂಡ್, ನಿಮ್ಮಲ್ಲಿ ಅದು 0.8 ಸೆಕೆಂಡ್. ಐದರಲ್ಲಿ ಒಂದು ಪಾಲು ಸಮಯ ಮಾಯ.

ಇದು ಊಹೆ ಅಲ್ಲ, ಮಾಡಿ ನೋಡಿದ್ದೇನೆ. ಬೀಜದ ಸಿಪ್ಪೆ ತೆಗೆಯೋ ನಮ್ಮ ಪೀಲಿಂಗ್ ರೂಮಲ್ಲಿ ಟೇಬಲ್ ಪಕ್ಕ ಸೆಕೆಂಡ್ ಮುಳ್ಳಿರೋ ಗೋಡೆ ಗಡಿಯಾರ ಇಟ್ಟು, ಕೆಲಸ ಮಾಡೋ ಕೈ ಮತ್ತೆ ಗಡಿಯಾರ ಎರಡೂ ಒಂದೇ ಫ್ರೇಮಲ್ಲಿ ಬರೋ ಹಾಗೆ ವಿಡಿಯೋ ತೆಗೆದೆ. ಹೊರಗೆ ಜೋರು ಮಳೆ, ಒಳಗೆ ಟ್ಯೂಬ್‌ಲೈಟ್. ಸೆಕೆಂಡ್ ಮುಳ್ಳು ಹನ್ನೆರಡರಿಂದ ಹೊರಟು ಪೂರ್ತಿ ಒಂದು ಸುತ್ತು ಬಂದು ಹನ್ನೆರಡಕ್ಕೇ ನಿಂತಾಗ ನಿಮ್ಮ ಸ್ಕ್ರೀನಲ್ಲಿ 48 ಸೆಕೆಂಡ್ ಚಿಲ್ಲರೆ. ಅದೇ ಫೋನು, ಅದೇ ಗಡಿಯಾರ, ಕಟಿಂಗ್ ಶೆಡ್ ಬಾಗಿಲ ಹತ್ರ ಒಳ್ಳೆ ಬೆಳಕಲ್ಲಿ ತೆಗೆದಿದ್ದಕ್ಕೆ ಸರಿಯಾಗಿ 60 ತೋರಿಸ್ತು. ಆಮೇಲೆ ವಿಡಿಯೋ ಫೈಲಿನ ವಿವರ ತೋರಿಸೋ ಮೀಡಿಯಾಇನ್ಫೋಲಿ ಹಾಕಿ ನೋಡಿದ್ರೆ ಪೀಲಿಂಗ್ ವಿಡಿಯೋಗೆ ಫ್ರೇಮ್ ರೇಟ್ ಮೋಡ್ ವೇರಿಯೇಬಲ್ ಅಂತ ಸ್ಪಷ್ಟ ಬರ್ತದೆ. ಅದೇ ಫೈಲನ್ನ ಹ್ಯಾಂಡ್‌ಬ್ರೇಕ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಕಾನ್‌ಸ್ಟಂಟ್ 30ಕ್ಕೆ ಕನ್ವರ್ಟ್ ಮಾಡಿ ನಿಮ್ಮದಕ್ಕೆ ಕೊಟ್ಟೆ, ಆಗ 60 ಬಂತು. ಫೋನಿನ ತಪ್ಪು ಅಂತ ಇನ್ನೂ ಹೇಳ್ತೀರಾ? ದುಡ್ಡಿಲ್ಲದೆ ಸಿಗೋ ಸಾಫ್ಟ್‌ವೇರ್ ಸರಿಯಾಗಿ ಓದ್ತದೆ, ವರ್ಷ ವರ್ಷ ಲೈಸೆನ್ಸ್ ದುಡ್ಡು ಕಟ್ಟೋ ನಿಮ್ಮದು ಓದೋದಿಲ್ಲ.

ಐದರಲ್ಲಿ ಒಂದು ಪಾಲು ಅಂದ್ರೆ ನಿಮಗೆ ಒಂದು ಬಗ್ ಅಷ್ಟೇ, ಆದ್ರೆ ನಮ್ಮಲ್ಲಿ ಅದು ಎಲ್ಲಿಗೆ ಹೋಗಿ ತಾಗ್ತದೆ ನೋಡಿ. ಡಬ್ಲ್ಯೂ 320 ಗ್ರೇಡ್ ಅಂದ್ರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ, ಕೆಜಿಗೆ ಹೆಚ್ಚೂ ಕಮ್ಮಿ 700. ಒಂದು ಬೀಜದ ಸಿಪ್ಪೆ ತೆಗೆಯೋಕೆ ನಮ್ಮಲ್ಲಿ ಸರಾಸರಿ 5 ಸೆಕೆಂಡ್ ಬೇಕು, ಇದು ಸ್ಟಾಪ್‌ವಾಚಲ್ಲಿ ಅಳೆದದ್ದು. ರೇಟಿಂಗ್ 100, ಅಂದ್ರೆ ಕೆಲಸದ ವೇಗ ಸಾಮಾನ್ಯ ಅಂತ ಇಟ್ಟು, ದಣಿವು, ವಿರಾಮಕ್ಕೆ ಅಂತ ಕೊಡೋ ಅಲೋಯನ್ಸ್ 15 ಪರ್ಸೆಂಟ್ ಸೇರಿಸಿದ್ರೆ 5.75 ಸೆಕೆಂಡ್ ಆಯ್ತು, ಎಂಟು ತಾಸಿಗೆ ಸುಮಾರು 5000 ಬೀಜ, ಅಂದ್ರೆ ಏಳು ಕೆಜಿ. ನಿಮ್ಮ ಸಾಫ್ಟ್‌ವೇರ್ ಆ 5 ಸೆಕೆಂಡನ್ನ 4 ಅಂತ ತೋರಿಸ್ತು, ಅಲ್ಲಿಂದ ಮುಂದೆ ಎಲ್ಲಾ ಲೆಕ್ಕಾನೂ ಸರಿಯಾಗೇ ಮಾಡ್ತು, 4.6 ಸೆಕೆಂಡ್, 6260 ಬೀಜ, ಸುಮಾರು ಒಂಬತ್ತು ಕೆಜಿ. ಕಲರ್ ಕಲರ್ ಗ್ರಾಫ್ ಹಾಕಿ ಪಿಡಿಎಫ್ ರಿಪೋರ್ಟ್ ಬೇರೆ ಕೊಡ್ತು. ಮ್ಯಾನೇಜ್‌ಮೆಂಟಿನವರು ಪಿಡಿಎಫ್ ನೋಡಿದ್ರು, ಪೀಲಿಂಗಿನ ಹೊಸ ಟಾರ್ಗೆಟ್ ನೋಟಿಸ್ ಬೋರ್ಡಿಗೆ ಬಂತು.

ಬೋರ್ಡ್ ನೋಡಿದ ದಿನವೇ ಹೆಂಗಸರು ಹೇಳಿದ್ರು ಇದು ಆಗೋ ಮಾತಲ್ಲ ಅಂತ. ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡ್ತಾ ಇರೋರು ಅವರು, ಮಿರ್ಜಾನ, ಧಾರೇಶ್ವರ, ಕಾಗಾಲ ಕಡೆಯಿಂದ ಬೆಳಿಗ್ಗೆ ಬಸ್ಸಿಗೆ ಬರೋರು, ಎಲ್ಲರಿಗಿಂತ ಫಾಸ್ಟ್ ಕೈ ಇರೋ ಅಕ್ಕನೂ ಮಳೆಗಾಲದಲ್ಲಿ ಆ ಲೆಕ್ಕ ಮುಟ್ಟೋದಿಲ್ಲ ಅಂತ ಅವರಿಗೆ ಗೊತ್ತು. ಆದ್ರೆ ಅವರ ಮಾತಿಗೆ ಎದುರು ಕಂಪ್ಯೂಟರ್ ರಿಪೋರ್ಟ್ ಇದೆ ಅಲ್ವಾ, ವಿಡಿಯೋ ನೋಡಿ ಫ್ರೇಮ್ ಫ್ರೇಮ್ ಅಳೆದದ್ದು ಅಂದ್ಮೇಲೆ ಯಾರು ಅವರ ಮಾತು ಕೇಳ್ತಾರೆ. ನನಗೆ ಇದರಲ್ಲೇ ಎಲ್ಲಕ್ಕಿಂತ ಜಾಸ್ತಿ ಬೇಜಾರು ಮತ್ತೆ ಸಿಟ್ಟು ಇರೋದು.

ಮಳೆಗಾಲದ ವಿಷಯ ನಿಮಗೆ ಗೊತ್ತಿರ್ಲಿಕ್ಕಿಲ್ಲ, ಅದನ್ನೂ ಹೇಳ್ತೇನೆ. ಬೋರ್ಮಾ ಅಂದ್ರೆ ಬೀಜ ಒಣಗಿಸೋ ಬಿಸಿ ಗೂಡು, ಅದರಲ್ಲಿ ಒಣಗಿದ ಬೀಜ ಗರಿಗರಿ ಇದ್ದಾಗ ಹೆಬ್ಬೆರಳಲ್ಲಿ ಒಂದ್ಸಲ ತಿಕ್ಕಿದ್ರೆ ಕೆಂಪು ಸಿಪ್ಪೆ ತಾನಾಗೇ ಕಳಚ್ತದೆ. ಜೂನ್ ಜುಲೈಲಿ ನಮ್ಮ ಕರಾವಳಿ ಗಾಳಿ ಪೂರ್ತಿ ತೇವ, ಬೋರ್ಮಾದಿಂದ ಹೊರಗೆ ಬಂದು ಸ್ವಲ್ಪ ಹೊತ್ತಿಗೇ ಬೀಜ ತಂಪು ಎಳ್ಕೊಂಡು ಸಿಪ್ಪೆ ಅಂಟ್ಕೊಳ್ತದೆ, ಅದರಲ್ಲೂ ಬೀಜದ ಒಳಗಡೆ ಡೊಂಕಿದೆಯಲ್ಲ ಅಲ್ಲಿ. ಅದನ್ನ ಸಣ್ಣ ಚಾಕು ತುದಿಯಿಂದ ಮೆಲ್ಲ ಎಬ್ಬಿಸಬೇಕು, ಸ್ವಲ್ಪ ಒತ್ತಿದ್ರೆ ಚಾಕು ಗುರುತು ಬೀಳ್ತದೆ, ಇನ್ನೂ ಒತ್ತಿದ್ರೆ ಎರಡು ಹೋಳು. ಹೋಳಾಯ್ತು ಅಂದ್ರೆ ಅದು ಡಬ್ಲ್ಯೂ 320 ಅಲ್ಲ, ರೇಟೇ ಬೇರೆ. ಅಂದ್ರೆ ಮಳೆಗಾಲದಲ್ಲಿ ಕೆಲಸ ನಿಧಾನ ಆಗ್ಲೇಬೇಕು. ಅದೇ ಮಳೆಗಾಲದಲ್ಲಿ ಮೋಡ ಕವಿದು ರೂಮಿನ ಬೆಳಕೂ ಕಮ್ಮಿ, ಫೋನು ಫ್ರೇಮ್ ಇಳಿಸ್ತದೆ, ನಿಮ್ಮ ಸಾಫ್ಟ್‌ವೇರ್ ಸಮಯ ಕಮ್ಮಿ ತೋರಿಸ್ತದೆ. ಕೈ ಯಾವಾಗ ಎಲ್ಲಕ್ಕಿಂತ ನಿಧಾನವೋ ಆವಾಗ್ಲೇ ನಿಮ್ಮ ರಿಪೋರ್ಟಲ್ಲಿ ಅದು ಎಲ್ಲಕ್ಕಿಂತ ಫಾಸ್ಟ್. ಎಲ್ಲಾ ಸೀಸನಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪಾಗಿದ್ರೆ ಹೇಗೋ ಸರಿ ಮಾಡ್ಕೋಬಹುದಿತ್ತು, ಇದು ಹಾಗಲ್ಲ, ಬೆಳಕು ನೋಡ್ಕೊಂಡು ತಪ್ಪೂ ಬದಲಾಗ್ತದೆ.

ನಿಮ್ಮ ಸಪೋರ್ಟಿನವರು ಕೊಟ್ಟ ಉತ್ತರ ಏನು ಗೊತ್ತಾ, ಡೆಡಿಕೇಟೆಡ್ ಇಂಡಸ್ಟ್ರಿಯಲ್ ಕ್ಯಾಮೆರಾ ತಗೊಳ್ಳಿ, ರೂಮಿಗೆ ಲೈಟಿಂಗ್ ಹೆಚ್ಚು ಮಾಡಿ. ನಿಮ್ಮ ಬ್ರೋಷರಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದು ಯಾವುದೇ ಮೊಬೈಲ್ ವಿಡಿಯೋ ಸಾಕು ಅಂತ, ಡೆಮೋಗೆ ಬಂದಿದ್ದ ಹುಡುಗ ಸ್ವಂತ ಫೋನಲ್ಲೇ ವಿಡಿಯೋ ತೆಗೆದು ತೋರಿಸಿದ್ದು, ಅದನ್ನ ನಂಬಿಯೇ ನಾವು ತಗೊಂಡಿದ್ದು. ಮಾರೋ ಹೊತ್ತಿಗೆ ಮೊಬೈಲ್ ಸಾಕು, ತಪ್ಪು ತೋರಿಸಿದಾಗ ಮೊಬೈಲ್ ಬೇಡ, ಇದೆಂತ ನ್ಯಾಯ? ಫ್ರೇಮ್ ರೇಟ್ ನಾನೇ ಕೈಯಲ್ಲಿ ಬದಲು ಮಾಡೋಣ ಅಂದ್ರೆ ಪ್ರಾಜೆಕ್ಟ್ ಸೆಟ್ಟಿಂಗಲ್ಲಿ ಅದು 30ಕ್ಕೆ ಲಾಕ್ ಆಗಿದೆ. ಬಿಡಿ, ಲಾಕ್ ತೆಗೆದ್ರೂ ಉಪಯೋಗ ಇಲ್ಲ, ಒಂದೇ ವಿಡಿಯೋ ಒಳಗೇ ರೇಟ್ ಏರಿಳಿತ ಆಗ್ತದೆ, ಯಾವ ನಂಬರ್ ಹಾಕೋದು.

ಬ್ರೋಷರಿನ ಮೊದಲ ಪುಟದಲ್ಲೇ ಫ್ರ್ಯಾಂಕ್ ಮತ್ತೆ ಲಿಲಿಯನ್ ಗಿಲ್‌ಬ್ರೆತ್ ದಂಪತಿಯ ಹೆಸರು ಹಾಕಿದ್ದೀರಿ, ಮೋಷನ್ ಸ್ಟಡಿಗೆ, ಅಂದ್ರೆ ಕೆಲಸ ಮಾಡೋವಾಗ ಕೈ ಮೈ ಹೇಗೆ ಆಡ್ತದೆ ಅಂತ ನೋಡೋದಕ್ಕೆ, ಸಿನಿಮಾ ಕ್ಯಾಮೆರಾ ತಂದೋರು ಅಂತ. ಸರಿಯೇ. ಆದ್ರೆ ಅವರು ಹೇಗೆ ಮಾಡಿದ್ರು ಅನ್ನೋದನ್ನೂ ಸ್ವಲ್ಪ ನೋಡಬೇಕಿತ್ತು. 1912ರ ಹೊತ್ತಿನ ಕ್ಯಾಮೆರಾ ಕೈಯಲ್ಲಿ ಹ್ಯಾಂಡಲ್ ತಿರುಗಿಸೋದು, ಒಂದೇ ಸ್ಪೀಡಲ್ಲಿ ಓಡೋದಿಲ್ಲ ಅಂತ ಅವರಿಗೆ ಗೊತ್ತಿತ್ತು, ಅದಕ್ಕೆ ಫ್ರೇಮ್ ಲೆಕ್ಕವನ್ನ ನಂಬಲಿಲ್ಲ, ಒಂದು ನಿಮಿಷವನ್ನ 2000 ಭಾಗ ಮಾಡಿ ತೋರಿಸೋ ಗಡಿಯಾರವನ್ನೇ ಕೆಲಸಗಾರರ ಪಕ್ಕ ಇಟ್ಟು ಶೂಟ್ ಮಾಡಿದ್ರು, ಸಮಯ ಓದಿದ್ದು ಗಡಿಯಾರದಿಂದ. ನೂರು ವರ್ಷಕ್ಕಿಂತ ಹಿಂದೆ ಅವರು ತಗೊಂಡ ಎಚ್ಚರಿಕೆ ಇದು. ಈಗ ಆ ಗಡಿಯಾರ ಫೈಲ್ ಒಳಗೇ ಇದೆ, ಓದೋದಷ್ಟೇ ನಿಮ್ಮ ಕೆಲಸ.

ನಮ್ಮ ಫ್ಯಾಕ್ಟರಿಯ ತೂಕದ ಮಷಿನ್ನಿಗೆ ಸರ್ಕಾರದ ತೂಕ ಅಳತೆ ಇಲಾಖೆ, ಲೀಗಲ್ ಮೆಟ್ರಾಲಜಿಯವರು ವರ್ಷಕ್ಕೊಮ್ಮೆ ಚೆಕ್ ಮಾಡಿ ಸೀಲ್ ಹಾಕ್ತಾರೆ, ಯಾಕಂದ್ರೆ ಅದರ ಮೇಲೆ ಒಬ್ಬರ ದುಡ್ಡು ನಿಂತಿರ್ತದೆ. ಟೈಮ್ ಸ್ಟಡಿ ಸಾಫ್ಟ್‌ವೇರ್ ಮೇಲೂ ಕೂಲಿ ನಿಂತಿದೆ, ಆದ್ರೆ ಇದನ್ನ ಚೆಕ್ ಮಾಡೋಕೆ ಯಾರೂ ಬರೋದಿಲ್ಲ, ನೀವು ಕೊಟ್ಟಿದ್ದೇ ಅಳತೆ. ಅದಕ್ಕೇ ನಿಮ್ಮ ಜವಾಬ್ದಾರಿ ಜಾಸ್ತಿ ಅಂತ ನಾನು ಹೇಳೋದು.

ಇನ್ನೊಂದು, ಅಲೋಯನ್ಸ್. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಟೇಬಲ್ ಪ್ರಕಾರ ಹೆಂಗಸರಿಗೆ ಪರ್ಸನಲ್, ಅಂದ್ರೆ ಸ್ವಂತ ಅಗತ್ಯಕ್ಕೆ, 7 ಪರ್ಸೆಂಟ್, ಬೇಸಿಕ್ ಫಟೀಗ್, ಅಂದ್ರೆ ಸಾಮಾನ್ಯ ದಣಿವಿಗೆ, 4, ಅಲ್ಲಿಗೇ 11 ಆಯ್ತು, ಬೆಳಕು ಕಮ್ಮಿ, ಇಡೀ ದಿನ ಒಂದೇ ಕೆಲಸ ಇವೆಲ್ಲ ಸೇರಿಸಿ ನಾವು 15 ಇಟ್ಕೊಂಡಿರೋದು. ನಿಮ್ಮ ಪ್ರತಿ ಅಪ್‌ಡೇಟ್ ಆದಾಗ್ಲೂ ಅದು ಹೇಳದೆ ಕೇಳದೆ 10ಕ್ಕೆ ಹೋಗಿ ಕೂರ್ತದೆ. ನೋಡದೆ ಪ್ರಿಂಟ್ ಕೊಟ್ರೆ ಮತ್ತೆ ಹೊಡೆತ ಅದೇ ಹೆಂಗಸರಿಗೆ.

ಮತ್ತೆ ಕೊನೆ ಅಪ್‌ಡೇಟಲ್ಲಿ ಆಟೋ ಸಿಂಕ್ ಅಂತ ಒಂದು ತಂದಿದ್ದೀರಿ, ಅದು ಮೊದಲೇ ಆನ್ ಇರ್ತದೆ. ವಿಡಿಯೋ ಎಲ್ಲ ನಿಮ್ಮ ಸರ್ವರಿಗೆ ಹೋಗ್ತಾ ಇದೆ ಅಂತ ನಮಗೆ ಗೊತ್ತಾಗಿದ್ದು ಇಂಟರ್‌ನೆಟ್ ಡೇಟಾ ಖಾಲಿ ಆದ್ಮೇಲೆ. ಶೂಟ್ ಮಾಡೋ ಮೊದಲು ಪ್ರತಿಯೊಬ್ಬರ ಹತ್ರ ಹೋಗಿ, ಈ ವಿಡಿಯೋ ಆಫೀಸಿನ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗೋದಿಲ್ಲ ಅಂತ ಮಾತು ಕೊಟ್ಟು ಒಪ್ಪಿಗೆ ತಗೊಂಡಿದ್ದು ನಾವು. ಅವರ ಮುಖ ಇರೋ ವಿಡಿಯೋ ಅವರನ್ನ ಕೇಳದೆ ತಗೊಂಡು ಹೋಗೋಕೆ ನಿಮಗೆ ಯಾರು ಹೇಳಿದ್ರು? ಇದನ್ನ ಸಣ್ಣ ವಿಷಯ ಅಂತ ತಳ್ಳಿ ಹಾಕಬೇಡಿ.

ಈಗ ನಮಗೆ ಬೇಕಾಗಿದ್ದು ಹೇಳ್ತೇನೆ. ಎಲ್ಲಕ್ಕಿಂತ ಮೊದಲು ನಿಮ್ಮ ಲೆಟರ್‌ಹೆಡ್ ಮೇಲೆ ಒಂದು ಪತ್ರ ಬೇಕು, ವೇರಿಯೇಬಲ್ ಫ್ರೇಮ್ ರೇಟ್ ವಿಡಿಯೋ ಹಾಕಿದ್ರೆ ಈಗಿನ ವರ್ಷನ್ ಸಮಯ ತಪ್ಪಾಗಿ ತೋರಿಸ್ತದೆ, ಹಾಗೆ ಮಾಡಿದ ರಿಪೋರ್ಟ್ ಮೇಲೆ ಟಾರ್ಗೆಟ್ ಇಡಬಾರದು ಅಂತ. ನಾನು ಹೇಳಿದ್ದಕ್ಕೆ ಮ್ಯಾನೇಜ್‌ಮೆಂಟಿನವರು ಹೊಸ ಟಾರ್ಗೆಟನ್ನ ಸದ್ಯಕ್ಕೆ ನಿಲ್ಲಿಸಿದ್ದಾರೆ ಅಷ್ಟೇ, ರದ್ದು ಮಾಡಿಲ್ಲ, ಸಾಫ್ಟ್‌ವೇರ್ ಕಂಪನಿಯೇ ಬರೆದು ಕೊಡಲಿ ಅಂತ ಕಾಯ್ತಾ ಇದ್ದಾರೆ. ಅಲ್ಲಿವರೆಗೆ ಆ ಹೆಂಗಸರ ತಲೆ ಮೇಲೆ ಒಂಬತ್ತು ಕೆಜಿ ಹಾಗೇ ನಿಂತಿರ್ತದೆ. ಫಿಕ್ಸ್ ಕೊಡೋದು ತಡ ಆದ್ರೂ ಕಾಯ್ಬಹುದು, ಪತ್ರ ತಡ ಮಾಡಬೇಡಿ. ಒಂದು ಕಾಗದ, ಒಂದು ಸಹಿ, ಅದಕ್ಕೆ ಡೆವಲಪರ್ ಬೇಕಾಗಿಲ್ಲ.

ಆಮೇಲೆ ಟೈಮ್‌ಸ್ಟ್ಯಾಂಪ್ ಓದೋ ಹಾಗೆ ಸರಿ ಮಾಡಿ, ಸರಿ ಮಾಡೋ ತನಕ ಅಂಥ ವಿಡಿಯೋ ಬಂದ ಕೂಡ್ಲೇ ಸ್ಕ್ರೀನ್ ಮೇಲೆ ಕೆಂಪಲ್ಲಿ ವಾರ್ನಿಂಗ್ ಬರೋ ಹಾಗಾದ್ರೂ ಮಾಡಿ, ಬೇರೆ ಊರಿನ ಫ್ಯಾಕ್ಟರಿಗಳಲ್ಲೂ ಇದೇ ನಡೀತಾ ಇರ್ಬಹುದು, ಅವರಿಗೆ ಯಾರು ಹೇಳೋದು, ನಿಮ್ಮ ಎಲ್ಲಾ ಗ್ರಾಹಕರಿಗೂ ನೀವೇ ತಿಳಿಸಬೇಕು. ನಮ್ಮ ಫ್ಯಾಕ್ಟರಿಯಿಂದ ಹೋದ ವಿಡಿಯೋ ಎಲ್ಲಾ ಸರ್ವರಿಂದ ಅಳಿಸಿ, ಅಳಿಸಿದ್ದೇವೆ ಅಂತ ಬರೆದು ಕೊಡಿ. ಸಾಫ್ಟ್‌ವೇರ್ ಉಪಯೋಗಕ್ಕೆ ಬಾರದೆ ಹೋದ ಇಷ್ಟೂ ಸಮಯಕ್ಕೆ ಲೈಸೆನ್ಸ್ ಮುಂದುವರಿಸಿ ಕೊಡಿ, ಅದು ಆಗೋದಿಲ್ಲ ಅಂದ್ರೆ ದುಡ್ಡು ವಾಪಸ್ ಮಾಡಿ.

ಗಡಿಯಾರ ಇಟ್ಟು ತೆಗೆದ ಎರಡೂ ವಿಡಿಯೋ, ಮೀಡಿಯಾಇನ್ಫೋ ಸ್ಕ್ರೀನ್‌ಶಾಟ್, ಕನ್ವರ್ಟ್ ಮಾಡೋ ಮೊದಲಿನ ಮತ್ತೆ ನಂತರದ ರಿಪೋರ್ಟ್ ಪೆನ್‌ಡ್ರೈವಲ್ಲಿ ಹಾಕಿ ಈ ಪತ್ರದ ಜೊತೆ ಕಳಿಸಿದ್ದೇನೆ. ವಿಡಿಯೋದಲ್ಲಿ ಕೈ ಮತ್ತೆ ಗಡಿಯಾರ ಮಾತ್ರ ಕಾಣ್ತದೆ, ಯಾರ ಮುಖವೂ ಇಲ್ಲ. ಏನಾದ್ರೂ ಕೇಳೋದಿದ್ರೆ ನೇರ ಫೋನ್ ಮಾಡಿ, ಮತ್ತೊಂದು ಟಿಕೆಟ್ ನಂಬರ್ ಮಾತ್ರ ಕಳಿಸಬೇಡಿ.

ಇಂತಿ,
ಪ್ರೊಡಕ್ಷನ್ ಸೂಪರ್‌ವೈಸರ್
ಗೇರುಬೀಜ ಕಾರ್ಖಾನೆ, ಕುಮಟಾ, ಉತ್ತರ ಕನ್ನಡ