ರಿಮೋಟ್ ಕೋಡ್‌ಗಳನ್ನು ಕೈಪಿಡಿಯಲ್ಲೇ ಅಚ್ಚು ಹಾಕಿಸಿ

ಸಂಪಾದಕರೇ,

ನಮ್ಮ ಮನೆಯ ಆಂಪ್ಲಿಫೈಯರ್‌ಗೆ ಈಗ ಹನ್ನೊಂದು ವರ್ಷ. ದನಿ ಒಂದಿಷ್ಟೂ ಕೆಟ್ಟಿಲ್ಲ. ಬೆಳಿಗ್ಗೆ ಆಕಾಶವಾಣಿ ಹಾಸನ, ಸಂಜೆ ಅಪ್ಪನಿಗೆ ಇಷ್ಟವಾದ ಹಳೇ ಹಾಡುಗಳು, ಎಲ್ಲಾ ಅದರಲ್ಲೇ. ಹೋದ ಮಳೆಗಾಲದಲ್ಲಿ ಕೆಟ್ಟದ್ದು ರಿಮೋಟ್ ಮಾತ್ರ. ಬ್ಯಾಟರಿ ಸೋರಿ, ಒಳಗಿನ ಬೋರ್ಡಿನ ತಾಮ್ರದ ಗೆರೆಗಳೆಲ್ಲ ಹಸಿರುಗಟ್ಟಿ ತಿಂದುಹೋಗಿದ್ದವು. ಆಂಪ್ಲಿಫೈಯರ್ ಮುಂಭಾಗದಲ್ಲಿ ಇರೋದು ಪವರ್ ಬಟನ್ ಒಂದೇ. ವಾಲ್ಯೂಮ್ ಏರಿಸೋಕೂ ರಿಮೋಟೇ ಬೇಕು.

ಬಿ.ಎಂ. ರಸ್ತೆಯ ಮೂರು ಅಂಗಡಿ ಸುತ್ತಿದೆ. ಯೂನಿವರ್ಸಲ್ ರಿಮೋಟ್ ತಂದೆ, ಟಿವಿಗೆ ಕೆಲಸ ಮಾಡಿತು, ಇದಕ್ಕಿಲ್ಲ. ಇನ್ನೊಬ್ಬರು ಕಾಪಿ ಮಾಡುವ ರಿಮೋಟ್ ತೋರಿಸಿ, "ಹಳೇದನ್ನ ತನ್ನಿ ಸಾರ್, ಐದು ನಿಮಿಷದ ಕೆಲಸ" ಅಂದರು. ಹಳೇದೇ ಸತ್ತಿದೆಯಲ್ಲಾ! ಕೊನೆಗೆ ರಿಪೇರಿಯವರು ಹೇಳಿದ್ದು, "ಸೆಟ್ ಚೆನ್ನಾಗಿದೆ, ಆದ್ರೆ ರಿಮೋಟ್ ಸಿಗಲ್ಲ, ಹೊಸಾದೇ ತಗೊಳ್ಳಿ." ಚೆನ್ನಾಗಿರೋ ಸೆಟ್ಟನ್ನು ಗುಜರಿಗೆ ಹಾಕಬೇಕು ಅನ್ನೋ ಮಾತು ನನಗೆ ಸಹಿಸಲಾಗಲಿಲ್ಲ.

ತಯಾರಕರಿಗೆ ನಾಲ್ಕು ಸಲ ಬರೆದ ಮೇಲೆ ಒಂದು ಪುಟ ಬಂತು. ಪವರ್ ಬಟನ್‌ಗೆ ಮಾತ್ರ ಪೂರ್ತಿ ಕೋಡ್, '0000 006D 0022 0002 0157 00AC' ಅಂತ ಶುರುವಾಗುವ ಉದ್ದನೆಯ ಸಾಲು. ಇದನ್ನು ಪ್ರೊಂಟೊ ಹೆಕ್ಸ್ ಅಂತಾರೆ, ರಿಮೋಟಿನ ಬೆಳಕು ಹೇಗೆ ಮಿನುಗಬೇಕು ಅನ್ನುವುದನ್ನು ಹದಿನಾರರ ಲೆಕ್ಕದ (ಹೆಕ್ಸ್) ಅಂಕಿಗಳಲ್ಲಿ ಬರೆಯುವ ರೀತಿ. ಉಳಿದ ಬಟನ್‌ಗಳಿಗೆ ಬರೀ ಒಂದೊಂದು ಸಂಖ್ಯೆ. ವಾಲ್ಯೂಮ್ ಏರಿಸಲು 2, ಅಷ್ಟೇ.

ನನ್ನ ಫೋನಿನಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ, ಅಂದರೆ ರಿಮೋಟಿನಲ್ಲಿರುವಂಥದೇ ಕಣ್ಣಿಗೆ ಕಾಣದ ಬೆಳಕಿನ ದೀಪ, ಇದೆ. ಆದರೆ ಫೋನಿಗೆ ಬೇಕಾದ್ದು ಹರ್ಟ್ಸ್ ಮತ್ತು ಮೈಕ್ರೊಸೆಕೆಂಡ್ ಲೆಕ್ಕ. ಹಾಗಾಗಿ ಕಾಗದ ಹಿಡಿದು ಕೂತೆ. 006D ಅಂದರೆ ನಮ್ಮ ಲೆಕ್ಕದಲ್ಲಿ 109. ಅದನ್ನು ಪ್ರೊಂಟೊದ ನಿಗದಿತ ಅಂಕಿಯಾದ 0.241246ರಿಂದ ಗುಣಿಸಿದರೆ ಒಂದು ಮಿಡಿತಕ್ಕೆ 26.3 ಮೈಕ್ರೊಸೆಕೆಂಡ್, ಅಂದರೆ ಬೆಳಕು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಬೇಕು. 0157 ಅಂದರೆ 343 ಮಿಡಿತ, ಹತ್ತಿರ ಹತ್ತಿರ 9 ಮಿಲಿಸೆಕೆಂಡ್. 00AC ಅಂದರೆ 172, ನಾಲ್ಕೂವರೆ ಮಿಲಿಸೆಕೆಂಡ್ ಸುಮ್ಮನಿರಬೇಕು. 9 ಮತ್ತು 4.5 ನೋಡಿದ ಕೂಡಲೇ ಗೊತ್ತಾಯಿತು, ಇದು ರಿಮೋಟ್ ಸಂಕೇತ ಕಳಿಸಲು ಬಹಳ ಸೆಟ್‌ಗಳಲ್ಲಿ ಬಳಸುವ ಎನ್‌ಇಸಿ ಪದ್ಧತಿ. ಫಿಲಿಪ್ಸ್‌ನ ಆರ್‌ಸಿ-5 ಆಗಿದ್ದರೆ 36 ಕಿಲೋಹರ್ಟ್ಸ್, ಸೋನಿಯದ್ದಾಗಿದ್ದರೆ 40 ಇರುತ್ತಿತ್ತು.

ಪವರ್ ಕೋಡ್ ಕಳಿಸಿದೆ, ಸೆಟ್ ಆನ್ ಆಯಿತು. ವಾಲ್ಯೂಮ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಎನ್‌ಇಸಿಯಲ್ಲಿ ಬಿಟ್‌ಗಳನ್ನು, ಅಂದರೆ ಸಂಖ್ಯೆಯನ್ನು ಬರೆಯುವ 0 ಮತ್ತು 1ಗಳನ್ನು, ಕಡೆಯಿಂದ ಶುರುಮಾಡಿ ಕಳಿಸಬೇಕು. 2 ಅನ್ನು 00000010 ಅಂತ ಬರೆದಿದ್ದೆ. ಹೊರಗೆ ಹೋಗಬೇಕಾದ್ದು 01000000, ಅದರ ಹಿಂದೆಯೇ ಪೂರ್ತಿ ಉಲ್ಟಾ ಮಾಡಿದ 10111111. ಈ ಜೋಡಿ ಹೊಂದದಿದ್ದರೆ ಸೆಟ್ ಆ ಕೋಡನ್ನು ತಳ್ಳಿಹಾಕುತ್ತದೆ. ತಿದ್ದಿ ಕಳಿಸಿದೆ. ದನಿ ಏರಿತು. ಅಪ್ಪ ಒಳಗಿನಿಂದಲೇ "ಬಂತಾ?" ಅಂತ ಕೂಗಿದರು.

ನಾನು ಬರೆಯುತ್ತಿರುವುದು ಈ ಕಾರಣಕ್ಕೆ. ಯಾವ ಪದ್ಧತಿ, ಎಷ್ಟು ಕಿಲೋಹರ್ಟ್ಸ್, ಕೋಡ್ ಯಾವ ಸೆಟ್ಟಿಗೆ ಅಂತ ಗುರುತಿಸುವ ವಿಳಾಸ ಸಂಖ್ಯೆ ಯಾವುದು, ಯಾವ ಬಟನ್‌ಗೆ ಯಾವ ಸಂಖ್ಯೆ, ಇಷ್ಟನ್ನೂ ಕೈಪಿಡಿಯ ಅರ್ಧ ಪುಟದಲ್ಲಿ ಅಚ್ಚು ಹಾಕಬಹುದು. ಇದೇನು ಬೀಗದ ಕೀಲಿಯಲ್ಲ, ಗುಟ್ಟು ಮಾಡೋಕೆ. ರಿಮೋಟ್ ಒತ್ತಿದಾಗಲೆಲ್ಲ ಮನೆಯಲ್ಲಿ ಬಯಲಾಗುವ ಸಂಖ್ಯೆ ಅದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿತು, ಒಳ್ಳೆಯ ಕೆಲಸ. ಕೈಪಿಡಿ, ಬಿಡಿಭಾಗದ ವಿವರ ಜನರಿಗೆ ಸಿಗಬೇಕು ಅನ್ನುವ ಮೇಲೆ ರಿಮೋಟ್ ಕೋಡ್ ಕೂಡ ಅದರಲ್ಲೇ ಬರಬೇಕು ಅಲ್ವಾ? ಮಾರಾಟ ನಿಲ್ಲಿಸಿದ ಮಾದರಿಗಳ ಕೋಡನ್ನಂತೂ ಮೊದಲು ಹಾಕಬೇಕು, ಯಾಕಂದರೆ ರಿಮೋಟ್ ಸಿಗದೆ ಒದ್ದಾಡುವವರು ಆ ಸೆಟ್ ಇಟ್ಟುಕೊಂಡವರೇ ಜಾಸ್ತಿ.

ಓದುಗರಿಗೂ ಒಂದು ಮಾತು. ಹಳೇ ಸೆಟ್ಟಿನ ರಿಮೋಟ್ ಇನ್ನೂ ಕೆಲಸ ಮಾಡುತ್ತಿದ್ದರೆ ಈ ವಾರವೇ ಅಂಗಡಿಗೆ ಒಯ್ದು ಕಾಪಿ ಮಾಡಿಸಿಡಿ. ಬಳಸದೆ ಇಟ್ಟ ರಿಮೋಟಿನಿಂದ ಬ್ಯಾಟರಿ ತೆಗೆದುಬಿಡಿ. ಮಲೆನಾಡಿನ ಕಡೆ ಮಳೆ ಹಿಡಿಯುವ ಮೊದಲೇ.

— ಒಬ್ಬ ಓದುಗ, ಹಾಸನ