ತಮ್ಮನನ್ನು ಕೆಳಗಿಳಿಸಿದ ಹಾಸನದ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ, ಹಾಸನದ ಕಡೆಯವರು ಅಂತಷ್ಟೇ ತಮ್ಮ ಹೇಳಿದ. ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ ಹತ್ತಲು ಹೋಗಿದ್ದ ಅವನನ್ನು ರಾತ್ರೋರಾತ್ರಿ ಕೆಳಗಿನ ಕ್ಯಾಂಪಿಗೆ ಇಳಿಸಿದ್ದು ನೀವೇ.

ಚಿಕ್ಕಮಗಳೂರಿನ ನಮಗೆ 1,930 ಮೀಟರಿನ ಮುಳ್ಳಯ್ಯನಗಿರಿಯೇ ದೊಡ್ಡ ಬೆಟ್ಟ. ಅಲ್ಲಿ ಏದುಸಿರು ಬಂದರೆ ಸ್ವಲ್ಪ ಕೂತರೆ ಸರಿಹೋಗುತ್ತೆ. 5,289 ಮೀಟರಿನ ಆ ಶಿಖರದಲ್ಲಿ ಹಾಗಲ್ಲ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದ ಹತ್ತಿರಕ್ಕೆ ಇಳಿದಿರುತ್ತೆ, ಎಂಥ ಗಟ್ಟಿಮುಟ್ಟಾದವರಿಗೂ ಕಾಯಿಲೆ ಬರಬಹುದು.

ತಲೆನೋವು, ವಾಂತಿ ಅಂದಾಗ ಜೊತೆಯವರು ಬರೀ ಸುಸ್ತು ಅಂದುಕೊಂಡರಂತೆ. ನೀವು ಮಾತ್ರ ಅವನನ್ನು ಎಬ್ಬಿಸಿ, ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗುವ ಹಾಗೆ ನೇರ ಗೆರೆಯಲ್ಲಿ ನಡೆಸಿ ನೋಡಿದಿರಿ. ಅವನು ವಾಲಿದ. ಮಿದುಳು ಊದಿಕೊಳ್ಳುತ್ತಿರಬಹುದು ಅನ್ನೋದಕ್ಕೆ ಅದೇ ಗುರುತು, ಆಗ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಇಳಿಸೋದೇ ಮುಖ್ಯ ಮದ್ದು ಅಂತ ಡಾಕ್ಟರ್ ಆಮೇಲೆ ನಮಗೆ ಬಿಡಿಸಿ ಹೇಳಿದರು.

ಮರುದಿನವೇ ನೀವು ಶಿಖರಕ್ಕೆ ಹೊರಡಬೇಕಿತ್ತು. ಅಷ್ಟು ದೂರದಿಂದ ಬಂದು, ಗುರುತೇ ಇಲ್ಲದ ಹುಡುಗನಿಗಾಗಿ ಅದನ್ನು ಬಿಟ್ಟುಬಿಡೋದು ಸುಮ್ನೆ ಮಾತಾ? ತಮ್ಮ ಈಗ ಆರಾಮಾಗಿದ್ದಾನೆ ಅಣ್ಣಾ, ಕೆಲಸಕ್ಕೂ ಹೋಗ್ತಿದ್ದಾನೆ. ಅಮ್ಮ ದಿನಾ ನಿಮ್ಮನ್ನು ನೆನೆಸ್ತಾರೆ. ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಸಿ, ನಾವೇ ಹಾಸನಕ್ಕೆ ಬಂದು ನಿಮ್ಮನ್ನು ನೋಡ್ತೀವಿ.