608 ಮೀಟರ್ ಎಂದು ಹಗುರಾಗಿ ಎಣಿಸಬೇಡಿ

ಮಾನ್ಯ ಸಂಪಾದಕರೇ,

ಓದಲು, ದುಡಿಯಲು ಇಂಗ್ಲೆಂಡಿಗೆ ಬಂದ ಕನ್ನಡದ ಯುವಕ ಯುವತಿಯರು ರಜೆ ಸಿಕ್ಕರೆ ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳಿಗೆ ಹೊರಡುತ್ತಾರೆ. ಬೇಸಿಗೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮಂದಿರೂ ಜೊತೆಗಿರುತ್ತಾರೆ. ಅಲ್ಲಿನ ಹೈ ಸೀಟ್ ಶಿಖರದ ಎತ್ತರ 608 ಮೀಟರ್. ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ. ಕುದುರೆಮುಖ 1,894 ಮೀಟರ್. ಈ ಲೆಕ್ಕ ಹಾಕಿ ಕ್ಯಾನ್ವಾಸ್ ಶೂ, ಜೀನ್ಸ್ ತೊಟ್ಟು ಹೋದವರಿಗೆ ಕಷ್ಟ ಕೊಡುವುದು ಏರಲ್ಲ, ಹುದುಲು, ಅಂದರೆ ಕಾಲು ಹೂಳುವ ಜವುಗು ನೆಲ.

ಪಕ್ಕದ ಬಾರೋಡೇಲ್ ಕಣಿವೆಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಆಗುಂಬೆಯಲ್ಲಿ ಇದರ ಎರಡರಷ್ಟು ಸುರಿಯುತ್ತದೆ, ಆದರೆ ಮಳೆಗಾಲ ಮುಗಿದ ಮೇಲೆ ನೆಲ ಒಣಗುತ್ತದೆ. ಲೇಕ್ ಡಿಸ್ಟ್ರಿಕ್ಟಿನಲ್ಲೋ ವರ್ಷವಿಡೀ ಮಳೆ, ವರ್ಷವಿಡೀ ತಂಪು. ಸತ್ತ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ವರ್ಷಕ್ಕೆ ಒಂದು ಮಿ.ಮೀ. ಆಸುಪಾಸು ಕೂಡುತ್ತ ಕಪ್ಪು ಪೀಟ್ ಮಣ್ಣಾಗುತ್ತದೆ. ಮೇಲೆ ಬೆಳೆಯುವ ಸ್ಫ್ಯಾಗ್ನಮ್ ಪಾಚಿ ತನ್ನ ಒಣತೂಕದ ಇಪ್ಪತ್ತು ಪಟ್ಟು ನೀರು ಹಿಡಿದಿಡಬಲ್ಲದು. ಹಾಗಾಗಿ ನಾಲ್ಕು ದಿನ ಬಿಸಿಲು ಕಾದರೂ ನೆತ್ತಿ ಒದ್ದೆಯೇ.

ಆಶ್‌ನೆಸ್ ಸೇತುವೆಯಿಂದ ಬ್ಲೀಬೆರಿ ಫೆಲ್ ಬೆಟ್ಟದವರೆಗೆ (590 ಮೀ.) ದಾರಿಯದು ಹೆಚ್ಚು ತಕರಾರಿಲ್ಲ. ಅಲ್ಲಿಂದ ಹೈ ಸೀಟ್‌ಗೆ ಸುಮಾರು ಎರಡು ಕಿ.ಮೀ. ಏಣು. ಬಯಲಲ್ಲಿ ಅರ್ಧ ಗಂಟೆಯ ನಡಿಗೆಯಾದೀತು, ಇಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ಏಣಿನುದ್ದಕ್ಕೂ ತಂತಿಬೇಲಿ ಇದೆ. ಮಂಜು ಕವಿದಾಗ ಅದೇ ದಾರಿದೀಪ. ಆದರೆ ಎಲ್ಲರೂ ತುಳಿದು ತುಳಿದು ಬೇಲಿಯ ಬುಡದಲ್ಲೇ ಕೆಸರು ಆಳವಾಗಿರುತ್ತದೆ. ಬೇಲಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಬಳಸಿ ನಡೆಯಿರಿ.

ಮಿಂಚುವ ತಿಳಿಹಸಿರು ಕಂಡಲ್ಲಿ ಕಾಲಿಡಲೇಬೇಡಿ, ಅದು ನೀರಿನ ಮೇಲೆ ಹಾಸಿದ ಪಾಚಿ. ಬಿಳಿ ಹತ್ತಿಯಂಥ ತುರಾಯಿಯ ಹುಲ್ಲು ಇದ್ದರೂ ಅಡಿಯಲ್ಲಿ ನೀರಿದೆ ಎಂದೇ ಅರ್ಥ. ಹೆದರ್ ಎಂಬ ಕುರುಚಲು ಗಿಡದ ಪೊದೆ, ದಪ್ಪ ಹುಲ್ಲಿನ ಗುಪ್ಪೆಗಳ ಬುಡ ಗಟ್ಟಿ. ಮೊದಲು ಕೋಲು ಊರಿ ನೋಡಿ, ಆಮೇಲೆ ಹೆಜ್ಜೆ. ಕಾಲು ಹೂತರೆ ಇನ್ನೊಂದು ಕಾಲಿಗೆ ಭಾರ ಹಾಕಿ ಎಳೆಯಬಾರದು, ಎರಡೂ ಹೂಳುತ್ತವೆ. ಹಿಂದಕ್ಕೆ ಒರಗಿ, ಬೆನ್ನಚೀಲ ನೆಲಕ್ಕಿಟ್ಟು ಅದರ ಮೇಲೆ ಭಾರ ಹಂಚಿ, ಹಿಮ್ಮಡಿ ಅಲುಗಿಸುತ್ತ ನಿಧಾನ ಬಿಡಿಸಿಕೊಳ್ಳಿ.

ಕಣಕಾಲು ಮುಚ್ಚುವ, ಲೇಸ್ ಬಿಗಿದ ಜಲನಿರೋಧಕ ಬೂಟು, ಮೇಲೆ ಗೇಟರ್ (ಬೂಟಿನ ಮೇಲಿಂದ ಮೊಣಕಾಲಿನ ಕೆಳಗಿನವರೆಗೆ ಕಟ್ಟುವ ಹೊದಿಕೆ) ಬೇಕು. ಗಂಬೂಟು ಬೇಡ, ಕೆಸರು ಹಿಡಿದರೆ ಕಾಲಷ್ಟೇ ಮೇಲೆ ಬರುತ್ತದೆ. ಹತ್ತಿ ಬಟ್ಟೆ ನೆನೆದರೆ ಒಣಗದು, ಗಾಳಿಗೆ ಮೈ ಶಾಖವೆಲ್ಲ ಹೋಗುತ್ತದೆ. ನಡುಗುವುದು, ಎಡವುವುದು, ಮಾತು ತೊದಲುವುದು ಕಂಡರೆ ಶಿಖರದ ಆಸೆ ಬಿಟ್ಟು ತಕ್ಷಣ ಇಳಿಯಬೇಕು. ವಯಸ್ಸಾದವರ ವಿಷಯದಲ್ಲಂತೂ ಹಟ ಸಲ್ಲದು. ಪ್ಲಾಸ್ಟಿಕ್ ಚೀಲದಲ್ಲಿ ಒಣ ಉಣ್ಣೆಯ ಕಾಲುಚೀಲ, 1:25,000 ಪ್ರಮಾಣದ ಕಾಗದದ ನಕ್ಷೆ, ದಿಕ್ಸೂಚಿ, ಟಾರ್ಚು, ಸೀಟಿ ಇರಲಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ.

ಸಿಕ್ಕಿಬಿದ್ದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಿ. ಬರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುತ್ತಿರಿ.

— ಕನ್ನಡಿಗ ಚಾರಣಿಗರು, ಉತ್ತರ ಇಂಗ್ಲೆಂಡ್